ಹದಿನಾಲ್ಕನೆಯ ಗುಳಿಯ ಐದು ಹೊಡೆತ

ಅಲ್ಟನ್, ಕಾನ್ಸಾಸ್
11 ಫೆಬ್ರವರಿ 2022

ವೆಂಡೆಲ್‌ಗೆ,

ಈ ಕೋಳಿಗೀಚು ಯಾರದೆಂದು ಗುರುತು ಹಿಡಿಯಲು ನಿನಗೆ ಒಂದು ನಿಮಿಷ ಬೇಕಾದೀತು. ನಾನು ಹಾರ್ಲನ್ ಕೆಸ್ಲರ್. ಬದುಕಿದ್ದೇನೆ. ತಲೆಯಲ್ಲಿ ಕೂದಲಿಲ್ಲ, ಮೊಣಕಾಲು ಮಾತು ಕೇಳುವುದಿಲ್ಲ, ಉಳಿದದ್ದೆಲ್ಲ ನಡೆಯುತ್ತಿದೆ.

ನಿಮ್ಮ ಕಾಲೇಜಿನವರು ನನಗೊಂದು ಪತ್ರ ಹಾಕಿದ್ದಾರೆ. ಇಪ್ಪತ್ತೇಳು ವರ್ಷ ಮಕ್ಕಳಿಗೆ ಗಾಲ್ಫ್ ಕಲಿಸಿ ನೀನು ನಿವೃತ್ತನಾಗುತ್ತಿದ್ದೀಯಂತೆ, ಮೇ ಹದಿನಾಲ್ಕಕ್ಕೆ ದೊಡ್ಡ ಊಟವಂತೆ, ಬಾಲ್ಯದ ಗೆಳೆಯನಾಗಿ ನಾನು ಎದ್ದು ನಿಂತು ನಾಲ್ಕು ಮಾತಾಡಬೇಕಂತೆ. ನನ್ನ ವಿಳಾಸ ಅವರಿಗೆ ಕೊಟ್ಟವನು ನೀನಂತೂ ಇರಲಾರೆ. ಮೂವತ್ತೈದು ವರ್ಷದಲ್ಲಿ ಒಂದು ಕ್ರಿಸ್ಮಸ್ ಕಾರ್ಡನ್ನೂ ಹಾಕದ ಮಹಾನುಭಾವ ನೀನು.

ಬಹುಶಃ ಇದು ನಿನ್ನ ಹಳೆಯ ಶಿಷ್ಯನೊಬ್ಬನ ಕೆಲಸ. ಕಳೆದ ಸೆಪ್ಟೆಂಬರಿನಲ್ಲಿ ಅವನು ಹುಲ್ಲು ಕತ್ತರಿಸುವ ಯಂತ್ರ ಕೆಟ್ಟಿದೆಯೆಂದು ನನ್ನ ಅಂಗಡಿಗೆ ತಂದಿದ್ದ. ಬಾಗಿಲ ಮೇಲಿನ ಹೆಸರು ಓದಿ, "ನೀವು ಆ ಕೆಸ್ಲರ್ರಾ?" ಎಂದ. ಯಾವ ಕೆಸ್ಲರ್ ಎಂದೆ. "ನಮ್ ಕೋಚ್ ಹೇಳ್ತಿದ್ದ ಕೆಸ್ಲರ್. ನೀವು ನಿಜವಾಗ್ಲೂ ಇದ್ದೀರ ಅಂತ್ಲೇ ಗೊತ್ತಿರ್ಲಿಲ್ಲ ಸರ್, ನಾವೆಲ್ಲ ಕಥೆ ಅಂದ್ಕೊಂಡಿದ್ವಿ" ಎಂದ.

ಆಮೇಲೆ ಎಲ್ಲ ಹೇಳಿದ. ನಿನ್ನ ತಂಡದ ಮಕ್ಕಳು ಆಟ ಮುಗಿಸಿ ಸ್ಕೋರ್ ಕಾರ್ಡಿಗೆ ಸಹಿ ಹಾಕುವ ಮುನ್ನ ಎದುರುಬದುರು ಕೂತು ಒಂದೊಂದೇ ಗುಳಿಯ ಹೊಡೆತಗಳನ್ನು ಗಟ್ಟಿಯಾಗಿ ಓದುತ್ತಾರಂತೆ. ಓದಿ ಮುಗಿದ ಮೇಲೆ ಒಬ್ಬರು "ಕೆಸ್ಲರ್?" ಎಂದು ಕೇಳಬೇಕು, ಇನ್ನೊಬ್ಬರು "ಅಲ್ಲ" ಎನ್ನಬೇಕು, ಆಮೇಲೇ ಸಹಿ. ಅಂದರೆ ಎಚ್ಚರವಿಲ್ಲದೆ ತಪ್ಪು ಕಾರ್ಡಿಗೆ ಸಹಿ ಹಾಕಿ ಬದುಕು ಕಳೆದುಕೊಂಡ ಪೆದ್ದನಿಗೆ ನಿಮ್ಮ ಊರಿನಲ್ಲಿ ನನ್ನ ಹೆಸರು.

ಮೊದಲು ಮುಖ ಬಿಸಿಯಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ನಗು ಬಂತು. ಮನೆಯಲ್ಲಿ ನೋರೀನ್ ಅಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಿಯಮ ನಿಯಮವೇ. ಆ ಆಯ್ಕೆ ಪಂದ್ಯದಲ್ಲಿ ನನ್ನ ಹೊಡೆತಗಳನ್ನು ಜೊತೆಗಾರನಾಗಿ ನೀನು ಬರೆದೆ, ನಿನ್ನವನ್ನು ನಾನು ಬರೆದೆ. ಆದರೆ ನನ್ನ ಕಾರ್ಡು ಸರಿಯಿದೆಯೇ ಎಂದು ನೋಡಿಕೊಂಡು ಸಹಿ ಹಾಕುವ ಹೊಣೆ ನನ್ನದು. ಇದ್ದದ್ದಕ್ಕಿಂತ ಒಂದು ಹೊಡೆತ ಕಡಿಮೆ ಬಿದ್ದಿತ್ತು, ನಾನು ಹೊರಗೆ. ಅದರಿಂದ ನೂರು ಮಕ್ಕಳು ಪಾಠ ಕಲಿತಿದ್ದರೆ ಕಲಿಯಲಿ.

ನಾನು ಬರಲೋ ಬೇಡವೋ, ಅದನ್ನು ಹೇಳು. ನಿನಗೆ ಬೇಡವಾದರೆ ಮೊಣಕಾಲಿನ ನೆಪ ಸಿದ್ಧವಾಗಿದೆ.

ಹಾರ್ಲನ್


ಪ್ಲಮ್ ಕ್ರೀಕ್ ಕಾಲೇಜು, ನೆಬ್ರಾಸ್ಕ
20 ಫೆಬ್ರವರಿ 2022
(ಅಂಚೆಗೆ ಹಾಕಲಿಲ್ಲ)

ಹಾರ್ಲನ್,

ನೀನು ಬರಬೇಡ. ಯಾಕೆ ಬರಬೇಡವೆಂದು ಹೇಳಲು ಮೂವತ್ತೈದು ವರ್ಷದಿಂದ ಕೂತಿದ್ದೇನೆ, ಇವತ್ತು ಹೇಳಿಬಿಡುತ್ತೇನೆ.

ಆಯ್ಕೆ ಪಂದ್ಯದ ಆರನೆಯ, ಕೊನೆಯ ದಿನ. ಐವತ್ತು ಜನಕ್ಕೆ ಮಾತ್ರ ಟೂರಿನಲ್ಲಿ, ವರ್ಷವಿಡೀ ನಡೆಯುವ ವೃತ್ತಿಪರರ ಪಂದ್ಯಗಳಲ್ಲಿ, ಆಡುವ ಅವಕಾಶ. ನಾವಿಬ್ಬರೂ ಕೊನೆಯ ಜೋಡಿ. ಹದಿನಾಲ್ಕನೆಯ ಗುಳಿಯಲ್ಲಿ ನಿನ್ನ ಚೆಂಡು ಪೊದೆಯ ಬುಡಕ್ಕೆ ಹೋಯಿತು, ಹೊರಗೆ ತರಲು ಒಂದು ಹೊಡೆತ ಹೆಚ್ಚಾಯಿತು, ಒಟ್ಟು ಐದು. ನಾನು ನಾಲ್ಕು ಎಂದು ಬರೆದೆ. ಬೇಕೆಂದು ಬರೆಯಲಿಲ್ಲ, ಹಾರ್ಲನ್. ಆ ಮಾತನ್ನಾದರೂ ನಂಬು. ನನ್ನದೇ ಚೆಂಡಿನ ಚಿಂತೆಯಲ್ಲಿದ್ದೆ, ಗಾಳಿ ಕಾರ್ಡನ್ನು ಕಿತ್ತುಕೊಳ್ಳುತ್ತಿತ್ತು, ಕೈ ತಪ್ಪಿತು.

ಸಹಿ ಹಾಕಿ ಒಪ್ಪಿಸುವ ಡೇರೆಯಲ್ಲಿ ಕಾರ್ಡನ್ನು ನಿನ್ನ ಕಡೆ ತಳ್ಳುವಾಗ ನನ್ನ ಕಣ್ಣಿಗೆ ಅದು ಬಿತ್ತು. ನಾಲ್ಕು. ನೀನು ನೋರೀನ್‌ಗೆ ಫೋನ್ ಮಾಡುವ ಆತುರದಲ್ಲಿದ್ದೆ. ಹೊರಗಿನ ಸ್ಕೋರ್ ಹಲಗೆಯಲ್ಲಿ ನೀನು ನಲವತ್ತೆಂಟನೆಯವನು, ನಾನು ಐವತ್ತೊಂದನೆಯವನು. ನೋಡಿಕೊಂಡೇ ಒಳಗೆ ಬಂದಿದ್ದೆ. ನೀನು ಪೆನ್ಸಿಲ್ ಎತ್ತಿದೆ. "ತಡಿ" ಎಂದಿದ್ದರೆ ಸಾಕಿತ್ತು. ನಾನು ಬಗ್ಗಿ ಬೂಟಿನ ದಾರ ಬಿಚ್ಚುತ್ತ ಕೂತೆ. ತಲೆ ಎತ್ತಿದಾಗ ನೀನು ಸಹಿ ಹಾಕಿ ಎದ್ದಿದ್ದೆ.

ಯಾರಿಗೂ ತಿಳಿಯುತ್ತಿರಲಿಲ್ಲ. ಊಟದ ಮೇಜಿನಲ್ಲಿ ನೀನೇ ಮತ್ತೊಮ್ಮೆ ಕೂಡಿಸಿ ನೋಡಿ, ಅರ್ಧ ಊಟ ಬಿಟ್ಟು, ಇಪ್ಪತ್ತು ಮೈಲಿ ಗಾಡಿ ಓಡಿಸಿಕೊಂಡು ಹೋಗಿ ಅಧಿಕಾರಿಗಳಿಗೆ ಹೇಳಿದೆ. ಅವರು ನಿನ್ನ ಹೆಸರು ಅಳಿಸಿದರು. ನಾನು ಐವತ್ತನೆಯವನಾದೆ.

ನಾಲ್ಕು ವರ್ಷ ಟೂರ್ ಆಡಿದೆ. ಒಂದನ್ನೂ ಗೆಲ್ಲಲಿಲ್ಲ. ಬೆನ್ನು ಹೋಯಿತು, ಅಲ್ಲಿ ಇಲ್ಲಿ ಅಲೆದು ಈ ಕಾಲೇಜಿಗೆ ಬಂದೆ. ಮೊದಲ ವರ್ಷವೇ ಒಬ್ಬ ಹುಡುಗ ತಪ್ಪು ಕಾರ್ಡಿಗೆ ಸಹಿ ಹಾಕಿ ಅಳುತ್ತ ಬಂದ. ಸಮಾಧಾನ ಮಾಡಲೆಂದು ನಿನ್ನ ಕಥೆ ಹೇಳಿದೆ. ನನ್ನದನ್ನು ಹೇಳಲಿಲ್ಲ. ಮಕ್ಕಳು ಅದನ್ನೇ ಪದ್ಧತಿ ಮಾಡಿಕೊಂಡರು. ನಿಲ್ಲಿಸಬಹುದಿತ್ತು. ಕೋಚ್ ಓಡಮ್ ಎಂದರೆ ಪ್ರಾಮಾಣಿಕತೆ ಎಂದು ಸುತ್ತಮುತ್ತಲ ಕಾಲೇಜುಗಳಲ್ಲಿ ಹೆಸರಾಯಿತು, ತಾಯಂದಿರು ಅದನ್ನು ಕೇಳಿಯೇ ಮಕ್ಕಳನ್ನು ನನ್ನ ಹತ್ತಿರ ಕಳಿಸಿದರು. ನಿಲ್ಲಿಸಲಿಲ್ಲ.

ಇದನ್ನು ಓದಿದ ಮೇಲೆ ನೀನು ಬರುವುದಿಲ್ಲ. ಬರೆಯುವುದೂ ಇಲ್ಲ. ಮೊನ್ನೆ ಬಂದ ನಿನ್ನ ಕಾಗದವನ್ನು ನಾನು ನಾಲ್ಕು ಸಲ ಓದಿದ್ದೇನೆ, ಅದಕ್ಕೇ ಇದನ್ನು ಮಡಿಸಿ ಲಕೋಟೆಗೆ ಹಾಕಲು ಕೈ ಬರುತ್ತಿಲ್ಲ.

ವೆಂಡೆಲ್


ಪ್ಲಮ್ ಕ್ರೀಕ್
27 ಫೆಬ್ರವರಿ 2022

ಪ್ರಿಯ ಹಾರ್ಲನ್,

ನಿನ್ನ ಕಾಗದ ತಲುಪಿತು. ತುಂಬ ಸಂತೋಷವಾಯಿತು. ಮಕ್ಕಳು ನಿನ್ನ ಹೆಸರನ್ನು ಬಳಸಿದ್ದಕ್ಕೆ ಕ್ಷಮೆ ಇರಲಿ, ಅವರಲ್ಲಿ ಅಗೌರವವಿಲ್ಲ.

ಮೇ ತಿಂಗಳಿಗೆ ಬಾ. ನೋರೀನ್‌ಳನ್ನೂ ಕರೆದುಕೊಂಡು ಬಾ. ಇಲ್ಲಿ ಇನ್ನೂ ಹಿಮ ಕರಗಿಲ್ಲ. ವ್ಯಾಯಾಮಶಾಲೆಯೊಳಗೆ ಬಲೆ ಕಟ್ಟಿ ಅಭ್ಯಾಸ ನಡೆಸಿದ್ದೇವೆ. ಮುಂದಿನ ವಾರ ದಕ್ಷಿಣಕ್ಕೆ ಮೊದಲ ಪಂದ್ಯ, ಹನ್ನೊಂದು ಗಂಟೆಯ ದಾರಿ, ವ್ಯಾನು ಓಡಿಸುವವನು ನಾನೇ.

ನಿನ್ನ,
ವೆಂಡೆಲ್


ಅಲ್ಟನ್
19 ಮಾರ್ಚ್ 2022

ವೆಂಡೆಲ್‌ಗೆ,

ನಿನ್ನ ಕಾಗದ ಓದಿ ನೋರೀನ್ ಕೇಳಿದಳು, "ಇದೇನು, ನಿಮ್ ಗೆಳೆಯ ಬರ್ದಿದ್ದೋ, ವಿಮೆ ಕಂಪನಿಯವ್ರು ಬರ್ದಿದ್ದೋ?" ನೀನು ಹುಟ್ಟಿದಾಗಿನಿಂದ ಹಾಗೆಯೇ, ಹೃದಯದಲ್ಲಿದ್ದದ್ದು ಕೈಗೆ ಬರುವಷ್ಟರಲ್ಲಿ ಅರ್ಧ ದಾರಿಯಲ್ಲೇ ಒಣಗಿರುತ್ತದೆ ಎಂದು ಹೇಳಿದೆ.

ಬರುತ್ತೇವೆ. ಅವಳು ನನಗೊಂದು ಕೋಟು ತಂದಿದ್ದಾಳೆ. ಹಾಕಿಕೊಂಡರೆ ಶವಪೆಟ್ಟಿಗೆ ಮಾರುವವನ ಹಾಗೆ ಕಾಣುತ್ತೇನಂತೆ.

ಭಾಷಣ ಬರೆಯುತ್ತಿದ್ದೇನೆ. ನಮ್ಮ ಊರಿನ ಒಂಬತ್ತು ಗುಳಿಯ ಮೈದಾನದಿಂದ ಶುರು. ಹುಲ್ಲು ಬೆಳೆಸುವ ಯೋಗ್ಯತೆಯಿಲ್ಲದೆ ಗುಳಿಯ ಸುತ್ತ ಎಣ್ಣೆ ಬೆರೆಸಿದ ಮರಳು ಹಾಸಿದ್ದರಲ್ಲ, ಸಂಜೆ ಮನೆಗೆ ಹೋದರೆ ನಿನ್ನಮ್ಮ ನಮ್ಮಿಬ್ಬರನ್ನೂ ಹಿತ್ತಲಲ್ಲೇ ತಡೆದು ಸೀಮೆಎಣ್ಣೆ ಬಟ್ಟೆಯಲ್ಲಿ ಕಾಲು ಒರೆಸುತ್ತಿದ್ದಳು. ಅದು ಎಲ್ಲರಿಗೂ ಹಿಡಿಸುತ್ತದೆ.

ಕೊನೆಯಲ್ಲಿ ಆ ಡಿಸೆಂಬರಿನ ಆಯ್ಕೆ ಪಂದ್ಯದ ಮಾತು. ನಾನು ಅಧಿಕಾರಿಗಳಿಗೆ ಹೇಳಿ ಹೊರಗೆ ಬಂದಾಗ, ನನ್ನ ಜೊತೆ ಬಂದಿದ್ದ ನೀನು ಗಾಡಿಯ ಹತ್ತಿರ ನಿಂತಿದ್ದೆ. "ತಪ್ಪು ನಂದು ಕಣೋ, ಬರ್ದೋನು ನಾನು" ಎಂದೆ. ಆ ದಿನ ಇನ್ನೂರು ಜನರಲ್ಲಿ ತಪ್ಪನ್ನು ಹೊರಲು ಬಂದವನು ನೀನೊಬ್ಬನೇ. ನಾನು "ಸಹಿ ನಂದು, ಬಿಡು" ಎಂದೆ. ಪ್ರಾಮಾಣಿಕತೆ ಎಂದರೆ ಇದು, ಮಕ್ಕಳೇ, ಎಂದು ಹೇಳಿ ಕೂರುತ್ತೇನೆ. ಹೇಗಿದೆ?

ನೀನು ಯಾಕೆ ದೂರವಾದೆಯೆಂದು ನಾನು ಬಹಳ ದಿನ ಯೋಚಿಸಿದ್ದೆ. ದೊಡ್ಡವನಾದ, ನಮ್ಮನ್ನು ಮರೆತ ಎಂದುಕೊಂಡೆ. ಆಮೇಲೆ, ಪಾಪ, ನನ್ನ ಜಾಗದಲ್ಲಿ ಆಡುತ್ತಿರುವ ಸಂಕೋಚವಿರಬೇಕು ಎಂದು ತಿಳಿಯಿತು. ಅದಕ್ಕೆ ಸಂಕೋಚ ಬೇಡವಾಗಿತ್ತು. ನನ್ನಂಥ ಮರೆಗುಳಿ ಟೂರಿನಲ್ಲಿದ್ದರೆ ಬೇರೆ ಯಾವುದೋ ವಾರ ಅದೇ ತಪ್ಪು ಮಾಡುತ್ತಿದ್ದ. ಆ ದಿನದ ನಂತರ ನೋರೀನ್ ಓದಿ ಹೇಳದೆ ನಾನು ಯಾವ ಕಾಗದಕ್ಕೂ ಸಹಿ ಹಾಕಿಲ್ಲ. ಗಾಲ್ಫ್ ಕೋಲು ಹಿಡಿದದ್ದೂ ಇಲ್ಲ. ನನ್ನ ಮಗ ಕರ್ಟ್ ಹದಿನಾರರವರೆಗೆ ಆಡಿದ, ಚೆನ್ನಾಗಿಯೇ ಆಡುತ್ತಿದ್ದ, ಆಮೇಲೆ ಬಿಟ್ಟುಬಿಟ್ಟ. ಈಗ ಒಮಾಹಾದಲ್ಲಿದ್ದಾನೆ. ಹಬ್ಬಕ್ಕೆ ಫೋನ್ ಮಾಡುತ್ತಾನೆ.

ಭಾಷಣದಲ್ಲಿ ಬಿಟ್ಟದ್ದಿದ್ದರೆ ತಿಳಿಸು.

ಹಾರ್ಲನ್


ಪ್ಲಮ್ ಕ್ರೀಕ್
9 ಏಪ್ರಿಲ್ 2022

ಹಾರ್ಲನ್,

ಆ ಭಾಷಣ ಮಾಡಬೇಡ.

ಇದರ ಜೊತೆ ಇನ್ನೊಂದು ಕಾಗದವಿದೆ, ಫೆಬ್ರವರಿ ಇಪ್ಪತ್ತರಂದು ಬರೆದದ್ದು. ಮೊದಲು ಅದನ್ನು ಓದು, ಆಮೇಲೆ ಇದನ್ನು.

ಏಳು ವಾರ ಅದು ನನ್ನ ಮೇಜಿನ ಖಾನೆಯಲ್ಲಿತ್ತು. ನೀನು ಬಂದು, ಉಂಡು, ನನ್ನನ್ನು ಹೊಗಳಿ ಹೋದರೆ ಮುಗಿಯಿತು, ಸಾಯುವವರೆಗೂ ಗೆಳೆಯರಾಗಿರಬಹುದು ಎಂದು ಲೆಕ್ಕ ಹಾಕಿದ್ದೆ. ನಿನ್ನ ಮಾರ್ಚ್ ಕಾಗದ ಬಂದ ಮೇಲೂ ಹಾಗೇ ಲೆಕ್ಕ ಹಾಕಿದೆ. ನನ್ನನ್ನು ಒಳ್ಳೆಯವನೆಂದುಕೊಳ್ಳಬೇಡವೆಂದು ಇದನ್ನೂ ಬರೆಯುತ್ತಿದ್ದೇನೆ.

ಲೆಕ್ಕ ಕೆಡಿಸಿದವಳು ಕಾರ್ಲಿ. ಈ ವರ್ಷದ ನನ್ನ ಒಳ್ಳೆಯ ಆಟಗಾರ್ತಿ, ದನ ಸಾಕುವವರ ಮನೆಯ ಹುಡುಗಿ, ಮಾತು ಕಡಿಮೆ. ಹೋದ ಮಂಗಳವಾರ ಪಂದ್ಯ ಮುಗಿಸಿ ವಾಪಸು ಬರುತ್ತಿದ್ದೆವು. ನಾಲ್ವರು ಹಿಂದೆ ಮಲಗಿದ್ದರು, ಅವಳು ಪಕ್ಕದ ಸೀಟಿನಲ್ಲಿ ಸೂರ್ಯಕಾಂತಿ ಬೀಜ ಅಗಿಯುತ್ತ ಕೂತಿದ್ದಳು. "ಕೋಚ್, ಕೆಸ್ಲರ್ ಅವ್ರ ಕಾರ್ಡು ಬರ್ದಿದ್ದು ಯಾರು?" ಎಂದಳು.

ಇಪ್ಪತ್ತೇಳು ವರ್ಷ, ಹಾರ್ಲನ್. ಇನ್ನೂರಕ್ಕೂ ಹೆಚ್ಚು ಮಕ್ಕಳು ಆ ಕಥೆ ಕೇಳಿದ್ದಾರೆ. ಜೊತೆಗಾರನಿಲ್ಲದೆ ಕಾರ್ಡಿಲ್ಲ ಎಂಬುದು ಅವರಿಗೆಲ್ಲ ಗೊತ್ತು. ಒಬ್ಬರೂ ಅದನ್ನು ಕೇಳಿರಲಿಲ್ಲ.

"ನಾನು" ಎಂದೆ. ಅವಳು ಬೀಜದ ಸಿಪ್ಪೆಯನ್ನು ಕೈಗೆ ಉಗಿದು, "ಅವ್ರು ಸಹಿ ಹಾಕೋವಾಗ ನೀವು ಪಕ್ಕದಲ್ಲೇ ಇದ್ರಿ. ನಿಮ್ಗೆ ಗೊತ್ತಾಗ್ಲಿಲ್ವಾ?" ಎಂದಳು. ರಸ್ತೆ ಕಡೆ ನೋಡುತ್ತಿದ್ದೇನೆಂಬ ನೆಪದಲ್ಲಿ ನಾನು ಉತ್ತರ ಕೊಡಲಿಲ್ಲ. ಉತ್ತರ ಅವಳಿಗೆ ಸಿಕ್ಕಿದೆ.

ಅವಳಿಗೆ ತಿಳಿದ ಮೇಲೂ ನಿನಗೆ ತಿಳಿಯದಿರುವುದು ನನ್ನಿಂದ ಸಹಿಸಲಾಗಲಿಲ್ಲ. ನೀನು ಮರೆಗುಳಿಯಲ್ಲ. ನೀನು ಪಕ್ಕದವನನ್ನು ನಂಬಿದೆ, ಅಷ್ಟೇ.

ವೆಂಡೆಲ್


ಅಲ್ಟನ್
2 ಮೇ 2022

ಶ್ರೀ ಓಡಮ್ ಅವರಿಗೆ,

ನಾನು ನೋರೀನ್ ಕೆಸ್ಲರ್. ಹಾರ್ಲನ್ ಊಟಕ್ಕೆ ಬರುವುದಿಲ್ಲ. ಕಾಲೇಜಿನವರಿಗೆ ತಿಳಿಸಿದ್ದೇನೆ.

ನಿಮ್ಮ ಕಾಗದವನ್ನು ಅವರು ಅಂಗಡಿಯಲ್ಲೇ ಓದಿದರು. ಮಧ್ಯಾಹ್ನದ ರೊಟ್ಟಿ ತೆಗೆದುಕೊಂಡು ಹೋದಾಗ ಬಿಚ್ಚಿಟ್ಟ ಎಂಜಿನ್ನಿನ ಮುಂದೆ ಸುಮ್ಮನೆ ಕೂತಿದ್ದರು. ಕಾಗದವನ್ನು ನನ್ನ ಕೈಗೆ ಕೊಟ್ಟು ಮುಖ ತೊಳೆಯಲು ಹೋದರು. ಅದಾಗಿ ಮೂರು ವಾರವಾಯಿತು. ಹುಲ್ಲು ಬೆಳೆಯುವ ಕಾಲ, ರಿಪೇರಿಗೆ ಬಂದ ಯಂತ್ರಗಳು ಹಾದಿಯವರೆಗೆ ಸಾಲಾಗಿ ನಿಂತಿವೆ. ಒಂದನ್ನೂ ಮುಟ್ಟಿಲ್ಲ.

ನಿಮ್ಮನ್ನು ಬಯ್ಯಬೇಕೆಂದೇ ಬರೆಯಲು ಕೂತೆ. ಆದರೆ ನನ್ನ ಪಾಲು ನನಗೆ ಅಡ್ಡ ಬರುತ್ತಿದೆ. ಮೂವತ್ತನಾಲ್ಕು ವರ್ಷ ಅವರನ್ನು ನಾನೂ ಗೇಲಿ ಮಾಡಿದ್ದೇನೆ. ಬಂದ ನೆಂಟರ ಮುಂದೆ, ಮಗನ ಮುಂದೆ, "ನಮ್ಮನೆಯವ್ರಿಗೆ ಐದರವರೆಗೆ ಎಣಿಸಕ್ಕೆ ಬರಲ್ಲ" ಎಂದು ಹೇಳಿ ನಗಿಸಿದ್ದೇನೆ. ಅವರೂ ನಗುತ್ತಿದ್ದರು. ಮೊನ್ನೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದರು, "ನೋರೀನ್, ನಾನು ಮೊದ್ಲಿಂದ್ಲೂ ಹೀಗೇ ಇದ್ನಾ? ಮದ್ವೆಗೆ ಮುಂಚೆ, ನಾನು ಎಲ್ಲಾ ಮರೀತಿದ್ನಾ?" ನೆನಪು ಮಾಡಿಕೊಂಡೆ. ಮರೆಯುತ್ತಿರಲಿಲ್ಲ. ನಾವು ಭೇಟಿಯಾದ ದಿನ ನಾನು ತೊಟ್ಟ ಬಟ್ಟೆಯ ಗುಂಡಿಗಳ ಸಂಖ್ಯೆಯನ್ನೂ ಹೇಳುತ್ತಿದ್ದ ಮನುಷ್ಯ ಅದು.

ನೀವು ಸತ್ಯ ಹೇಳಿದಿರಿ, ಒಳ್ಳೆಯದು. ಆದರೆ ಅದರ ಭಾರ ಹೊತ್ತು ಓಡಾಡುತ್ತಿರುವವರು ಈಗ ನನ್ನ ಮನೆಯಲ್ಲಿದ್ದಾರೆ.

ನೋರೀನ್


ಪ್ಲಮ್ ಕ್ರೀಕ್
15 ಮೇ 2022

ಹಾರ್ಲನ್,

ನೀನು ಇದನ್ನು ಓದುತ್ತೀಯೋ ಇಲ್ಲವೋ ತಿಳಿಯದು. ನಡೆದದ್ದನ್ನು ಬರೆದುಬಿಡುತ್ತೇನೆ.

ಏಪ್ರಿಲ್ ಕೊನೆಯಲ್ಲಿ, ಋತುವಿನ ಕೊನೆಯ ದೊಡ್ಡ ಪಂದ್ಯದ ಹಿಂದಿನ ದಿನ, ಮಕ್ಕಳನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಕೊನೆಗೆ ಕಾರ್ಲಿ ಎದ್ದು, "ನಾಳೆ ಆಡ್ಬೇಕು ಕೋಚ್. ಪಂದ್ಯ ಮುಗಿದ್ಮೇಲೆ ಹೇಳ್ಬಹುದಿತ್ತು" ಎಂದು ಹೋದಳು. ಅವಳ ಮಾತು ಸರಿ. ನನಗೆ ಹಗುರಾಗುವ ಹೊತ್ತನ್ನು ನಾನು ಆರಿಸಿಕೊಂಡಿದ್ದೆ, ಅವರ ಹೊತ್ತನ್ನಲ್ಲ. ಮರುದಿನ ಕೆಟ್ಟದಾಗಿ ಆಡಿ ಆರನೆಯವರಾದೆವು. ಸಹಿ ಹಾಕುವ ಮುನ್ನ ಕಾರ್ಡುಗಳನ್ನು ಗಟ್ಟಿಯಾಗಿ ಓದಿದರು. ನಿನ್ನ ಹೆಸರು ಹೇಳಲಿಲ್ಲ.

ನಿನ್ನೆ ಊಟ. ಕ್ರೀಡಾ ವಿಭಾಗದ ಮುಖ್ಯಸ್ಥ ಮೊದಲೇ ನನ್ನ ತೋಳು ಹಿಡಿದು, ಅಷ್ಟು ಹಳೆಯ ಮಾತು ಯಾರಿಗೆ ಬೇಕು, ಕೇಕು ಕತ್ತರಿಸಿ ಸುಮ್ಮನಿರಿ ಎಂದು ಬುದ್ಧಿ ಹೇಳಿದ. ನಾನು ನಿಂತು ಹೇಳಿದೆ. ಡೇರೆ, ಪೆನ್ಸಿಲ್, ಬೂಟಿನ ದಾರ, ಎಲ್ಲವನ್ನೂ.

ಅವರು ಚಪ್ಪಾಳೆ ತಟ್ಟಿದರು, ಹಾರ್ಲನ್. ಕೆಲವರು ಎದ್ದು ನಿಂತು ತಟ್ಟಿದರು. ಒಬ್ಬ ಹಳೆಯ ಶಿಷ್ಯನ ತಾಯಿ ನನ್ನ ಕೈ ಹಿಡಿದು, ನಿಮ್ಮಷ್ಟು ಧೈರ್ಯ ಯಾರಿಗಿದೆ ಎಂದು ಕಣ್ಣೊರೆಸಿಕೊಂಡಳು. ನಿನ್ನ ಜಾಗವನ್ನು ತೆಗೆದುಕೊಂಡು ಒಮ್ಮೆ ಹೆಸರು ಮಾಡಿದೆ, ತೆಗೆದುಕೊಂಡೆನೆಂದು ಹೇಳಿ ಇನ್ನೊಮ್ಮೆ.

ತಟ್ಟದೆ ಕೂತಿದ್ದವಳು ಕಾರ್ಲಿ. ಹೋಗುವಾಗ ಹತ್ತಿರ ಬಂದು, ಕೆಸ್ಲರ್ ಅವರು ಉತ್ತರ ಬರೆದರೇ ಎಂದು ಕೇಳಿದಳು. ಇಲ್ಲ ಎಂದೆ. "ಹಾಗಾದ್ರೆ ಇವ್ರೆಲ್ಲ ಯಾಕೆ ಚಪ್ಪಾಳೆ ತಟ್ಟಿದ್ರು?" ಎಂದಳು.

ನೀನು ಏನು ಹೇಳಿದರೂ ಕೇಳಲು ಸಿದ್ಧನಿದ್ದೇನೆ. ಏನೂ ಹೇಳದಿದ್ದರೂ ಸರಿ.

ವೆಂಡೆಲ್


ಅಲ್ಟನ್
12 ಜೂನ್ 2022

ವೆಂಡೆಲ್,

ನಿನ್ನ ಮೂರೂ ಕಾಗದ ಓದಿದ್ದೇನೆ. ತಡವಾಯಿತು, ಏಕೆಂದರೆ ನನ್ನ ಸಿಟ್ಟು ಯಾವುದರ ಮೇಲೆಂದು ನನಗೇ ತಿಳಿಯುತ್ತಿರಲಿಲ್ಲ.

ಟೂರ್ ಕೈತಪ್ಪಿ ಹೋದದ್ದಕ್ಕೆ ಎಂದುಕೊಂಡೆ. ಅಲ್ಲ. ನಾನು ಅಲ್ಲಿ ನಿನಗಿಂತ ಹೆಚ್ಚು ಕಡಿದು ಹಾಕುತ್ತಿರಲಿಲ್ಲ. ಮಕ್ಕಳು ಹೆಸರು ಬಳಸಿದ್ದಕ್ಕೆ ಎಂದುಕೊಂಡೆ. ಅದೂ ಅಲ್ಲ. ನೀನು ಬೂಟಿನ ದಾರ ಬಿಚ್ಚುತ್ತ ಕೂತದ್ದನ್ನು ಕೂಡ, ಇಪ್ಪತ್ತೈದರ ವಯಸ್ಸು, ಐವತ್ತೊಂದನೆಯ ಜಾಗ, ಅರ್ಥ ಮಾಡಿಕೊಳ್ಳಬಲ್ಲೆ. ಒಂದು ನಿಮಿಷದ ಹೇಡಿತನ ಅದು. ಎಲ್ಲರಿಗೂ ಒಂದಿಷ್ಟು ಇರುತ್ತದೆ.

ಆಮೇಲೆ ಕರ್ಟ್ ನೆನಪಾದ.

ಹುಡುಗರ ಪಂದ್ಯಗಳಲ್ಲಿ ಕಾರ್ಡು ಬರೆಯಲು ತಂದೆಯರನ್ನು ಕರೆಯುತ್ತಾರೆ, ನಿನಗೆ ಗೊತ್ತಿರುವುದೇ. ಅವನ ಹನ್ನೊಂದನೆಯ ವರ್ಷದಿಂದ ಹದಿನಾರರವರೆಗೆ ಪ್ರತಿ ಬೇಸಿಗೆಯ ಪ್ರತಿ ಶನಿವಾರ ಕರೆದರು. ನಾನು ಒಮ್ಮೆಯೂ ಹೋಗಲಿಲ್ಲ. ಪೆನ್ಸಿಲ್ ಹಿಡಿದು ನಾನು ಒಂದು ಅಂಕಿ ತಪ್ಪಿದರೆ ಯಾರದೋ ಮಗು ಹೊರಗೆ ಹೋಗುತ್ತದಲ್ಲ ಎಂಬ ಭಯ. ಗೆರೆಯಾಚೆ ನಿಂತು ನೋಡಿದರೂ ಯಾರಾದರೂ ಕೈಗೆ ಕಾರ್ಡು ತುರುಕಿಬಿಡುತ್ತಾರೆ ಎಂದು ಗಾಡಿಯಲ್ಲೇ ಕೂರುತ್ತಿದ್ದೆ. ಅವನು ಕೊನೆಯ ಗುಳಿ ಮುಗಿಸಿ ನಡೆದು ಬರುವಾಗ ಬೇರೆ ಹುಡುಗರ ಅಪ್ಪಂದಿರು ಜೊತೆಯಲ್ಲಿರುತ್ತಿದ್ದರು. ಅವನು ಒಬ್ಬನೇ ಬಂದು ಗಾಡಿ ಹತ್ತುತ್ತಿದ್ದ. ಹೇಗಾಯಿತು ಎಂದು ಕೇಳುತ್ತಿದ್ದೆ. ಪರವಾಗಿಲ್ಲ ಎನ್ನುತ್ತಿದ್ದ. ಹದಿನಾರಕ್ಕೆ ಬಿಟ್ಟ. ಯಾಕೆಂದು ನಾನು ಕೇಳಲಿಲ್ಲ.

ಹೋದ ಭಾನುವಾರ ಚರ್ಚಿನಿಂದ ಬಂದವನೇ ಅವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ನಿನ್ನದನ್ನೂ ಹೇಳಿದೆ, ಗಾಡಿಯಲ್ಲಿ ಯಾಕೆ ಕೂರುತ್ತಿದ್ದೆನೆಂದೂ ಹೇಳಿದೆ. ಎಲ್ಲ ಕೇಳಿಸಿಕೊಂಡು, "ಹಾಗಾದ್ರೆ ನನ್ ಆಟ ನೋಡಕ್ಕೆ ನಿಂಗೆ ನಾಚ್ಕೆ ಆಗ್ತಿರ್ಲಿಲ್ವಾ, ಅಪ್ಪಾ?" ಎಂದ.

ಅವನಿಗೀಗ ಮೂವತ್ಮೂರು. ಅಷ್ಟು ವರ್ಷವೂ ಅವನು ಅದನ್ನೇ ನಂಬಿಕೊಂಡಿದ್ದ.

ಇದನ್ನು ನೀನು ಬೇಕೆಂದು ಮಾಡಲಿಲ್ಲ. ಅವನು ಆಗ ಹುಟ್ಟಿರಲೇ ಇಲ್ಲ. ಒಂದು ಕಾಗದ ಹಾಕಿದ್ದರೆ ಸಾಕಿತ್ತು, ವೆಂಡೆಲ್. ನಾಲ್ಕು ವರ್ಷ ಆಡಿ ಮುಗಿಸಿದ ಮೇಲಾದರೂ. ಅವನಿಗೆ ಹನ್ನೊಂದಾಗುವ ಮೊದಲಾದರೂ. ನನ್ನ ಪಾಲಿನದನ್ನು ನಾನು ಕ್ಷಮಿಸಿದ್ದೇನೆ, ಅಥವಾ ಇನ್ನು ಸ್ವಲ್ಪ ದಿನದಲ್ಲಿ ಕ್ಷಮಿಸುತ್ತೇನೆ. ಅವನ ಪಾಲಿನದನ್ನು ಕ್ಷಮಿಸುವ ಅಧಿಕಾರ ನನಗಿಲ್ಲ. ನಾನೂ ಅದನ್ನು ಅವನ ಹತ್ತಿರವೇ ಕೇಳಬೇಕಾದವನು.

ಕೆಳಗೆ ಅವನ ವಿಳಾಸ ಕೊಟ್ಟಿದ್ದೇನೆ. ಅವನಿಗೆ ಬರೆ. ನನಗೆ ಆಮೇಲೆ ಬರೆಯುವೆಯಂತೆ.

ಹಾರ್ಲನ್

ಕರ್ಟ್ ಕೆಸ್ಲರ್
418, ಮುಲ್ಬೆರಿ ಬೀದಿ
ಒಮಾಹಾ, ನೆಬ್ರಾಸ್ಕ